ಉತ್ತರ ಮಾತ್ರ ಇದ್ದ ಚೀಟಿ

ಅಕ್ಟೋಬರ್ 4, ಶನಿವಾರ

ಇಪ್ಪತ್ತೊಂದು ದಿನ ಬಾಯಿಗೆ ಬೀಗ. ಡಾಕ್ಟರು ಬೆರಳು ಮಡಚಿ ಮಡಚಿ ಹೇಳಿದರು, ಒಂದನೇ ಕ್ಲಾಸಿನ ಹುಡುಗನಿಗೆ ಹೇಳಿದ ಹಾಗೆ. "ಗಂಟಲಲ್ಲಿದ್ದ ಗಂಟು ತೆಗ್ದಿದ್ದೀನಿ, ಗಾಯ ಇನ್ನೂ ಹಸಿ. ಒಂದು ಸದ್ದೂ ಬರಬಾರ್ದು. ಪಿಸುಮಾತೂ ಬೇಡ, ಅದು ಕೂಗೋದಕ್ಕಿಂತ ಕೆಟ್ಟದ್ದು. ಈಗ ಗಂಟಲು ಬಿಟ್ರೆ ಆ ಧ್ವನಿ ಮತ್ತೆ ಬರೋದಿಲ್ಲ, ಬೇಕಾದ್ರೆ ಬರ್ದು ಕೊಡ್ತೀನಿ." ಚುನಾವಣೆಗೆ ಉಳಿದಿರುವುದು ಇಪ್ಪತ್ನಾಲ್ಕು ದಿನ.

ಧ್ವನಿ ಬಿಟ್ಟರೆ ನನ್ನ ಹತ್ತಿರ ಏನಿದೆ? ಹದಿನೆಂಟನೇ ವಯಸ್ಸಿಗೆ ಸೈಕಲ್ ಮೇಲೆ ಕೂತು, ತಗಡಿನ ಕೊಳವೆ ಬಾಯಿಗಿಟ್ಟುಕೊಂಡು, ಟಾಕೀಸಿನಲ್ಲಿ ಸಿನಿಮಾ ಬದಲಾಯಿತು ಅಂತ ಬೀದಿ ಬೀದಿ ಕೂಗುತ್ತಿದ್ದವನು ನಾನು. ಆ ಕೂಗಿನಿಂದ ಲಾರಿ ಚಾಲಕರ ಸಂಘ, ಸಂಘದಿಂದ ಪುರಸಭೆ, ಪುರಸಭೆಯಿಂದ ವಿಧಾನಸಭೆಗೆ ಎರಡು ಸಲ. ಊರಿಗೆಲ್ಲ ನಾನು ಮೈಕಣ್ಣ. ಮೈಕು ಕೆಟ್ಟರೂ ಮೈಕಣ್ಣನ ಭಾಷಣ ನಿಲ್ಲುವುದಿಲ್ಲ ಅನ್ನುತ್ತಿದ್ದರು. ಈಗ ಮೈಕು ಚೆನ್ನಾಗಿದೆ, ಅಣ್ಣ ಕೆಟ್ಟ.

ನಾನು ಬರೆಯುವ ಜಾತಿಯವನಲ್ಲ. ಆದೇಶ ಕೊಡುವುದಿದ್ದರೆ ಫೋನು, ಬೈಯುವುದಿದ್ದರೆ ಎದುರೆದುರು, ಭರವಸೆ ಕೊಡುವುದಿದ್ದರೆ ವೇದಿಕೆ. ಸಹಿ ಬಿಟ್ಟರೆ ಮೂವತ್ತು ವರ್ಷದಲ್ಲಿ ನನ್ನ ಕೈಯಕ್ಷರ ಯಾರ ಕೈಗೂ ಸಿಕ್ಕಿಲ್ಲ. ಆಡಿದ್ದನ್ನು ಆಡಿಲ್ಲ ಅನ್ನಬಹುದು, ಬರೆದದ್ದನ್ನು ಏನು ಮಾಡುವುದು? ಇದನ್ನೇ ನನ್ನ ಶಿಷ್ಯನಿಗೂ ಕಲಿಸಿದೆ. ಅವನು ಎಷ್ಟು ಚೆನ್ನಾಗಿ ಕಲಿತನೆಂದರೆ ಈ ಸಲ ನನ್ನ ಎದುರಿಗೇ ನಿಂತಿದ್ದಾನೆ.

ಇವಳು, ಅಂದರೆ ನನ್ನ ಹೆಂಡತಿ, ನೂರು ಪುಟದ ನೋಟ್‌ಬುಕ್ಕು, ಒಂದು ಕಟ್ಟು ಚೀಟಿ, ಪೆನ್ಸಿಲು ತಂದಿಟ್ಟಳು. "ಚೀಟೀಲಿ ಬೇಕಾದ್ದು ಕೇಳಿ. ಪುಸ್ತಕದಲ್ಲಿ ಬೇಕಾದಷ್ಟು ಬೈಕೊಳ್ಳಿ. ಇಲ್ದಿದ್ರೆ ಮಾತು ಒಳಗೇ ಕೂತು ಹೊಟ್ಟೆ ಉಬ್ಬಿ ಸಾಯ್ತೀರ." ಹಾಗಾಗಿ ಇದು. ಧ್ವನಿ ಬಂದ ದಿನವೇ ಈ ಪುಸ್ತಕವನ್ನು ಒಲೆಗೆ ಹಾಕುತ್ತೇನೆ.

ಅಕ್ಟೋಬರ್ 6, ಸೋಮವಾರ

ಬೆಳಿಗ್ಗೆಯಿಂದ ಚೌಕದಲ್ಲಿ ಶಿಷ್ಯನ ಭಾಷಣ. ಕಿಟಕಿ ಮುಚ್ಚಿದರೂ ಕೇಳಿಸುತ್ತದೆ. ನಾನು ಉಸಿರು ನಿಲ್ಲಿಸುವ ಜಾಗದಲ್ಲೇ ನಿಲ್ಲಿಸುತ್ತಾನೆ, ನಾನು ಟವೆಲ್ ಕೊಡವುವ ಜಾಗದಲ್ಲೇ ಟವೆಲ್ ಕೊಡವುತ್ತಾನೆ. "ನಮ್ಮಣ್ಣನಿಗೆ ವಯಸ್ಸಾಯ್ತು, ಗಂಟಲೂ ಹೋಯ್ತು. ಪಾಪ, ವಿಶ್ರಾಂತಿ ಕೊಡೋಣ" ಅಂತ ಆ ಪಾಪದ ಮೇಲೆ ಒಂದು ಒತ್ತು. ಆ ಒತ್ತೂ ನನ್ನದೇ. ಉತ್ತರ ಕೊಡಲು ಬಾಯಿ ತೆರೆದೆ. ಇವಳು ಓಡಿ ಬಂದು ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಅವಳ ಕೈಯಲ್ಲಿ ಈರುಳ್ಳಿ ವಾಸನೆ.

ಸಂಜೆ ಭಾವಮೈದ ಬಂದ. ನನ್ನ ಚುನಾವಣೆಗಳನ್ನೆಲ್ಲ ನಡೆಸುವವನು ಇವಳ ತಮ್ಮನೇ. ಸೋಫಾದಲ್ಲಿ ಕೂತು ತಲೆ ಕೆರೆದುಕೊಂಡ, ಎದ್ದ, ಮತ್ತೆ ಕೂತ. ಆಮೇಲೆ ಅವನ ಮುಖ ಬೆಳಗಿತು.

"ಭಾವಾ, ಗಂಟಲು ಹೋಗಿದೆ ಅಂತ ಬಚ್ಚಿಡೋದ್ಯಾಕೆ? ಅದನ್ನೇ ಘೋಷಣೆ ಮಾಡೋಣ. 'ಅಣ್ಣ ಇಷ್ಟು ವರ್ಷ ಮಾತಾಡಿದ್ರು, ಈಗ ನಿಮ್ಮ ಮಾತು ಕೇಳ್ತಾರೆ.' ಹೆಂಗಿದೆ? ನೀವು ಚೀಟಿ ಬರೀರಿ, ಅಕ್ಕ ವೇದಿಕೆ ಮೇಲೆ ಓದ್ಲಿ."

ಇವಳು ಮೈಕಿನ ಮುಂದೆ! ಜನ ಬಿದ್ದು ಬಿದ್ದು ನಗುತ್ತಾರೆ ಅಂತ ಬರೆದು ಕೊಟ್ಟೆ. ಇವಳು ಅದನ್ನು ಓದಿ, ಮಡಚಿ, ಬ್ಲೌಸಿಗೆ ಸಿಕ್ಕಿಸಿಕೊಂಡು ಒಳಗೆ ಹೋದಳು.

ಅಕ್ಟೋಬರ್ 8, ಬುಧವಾರ

ಯಾರೂ ನಗಲಿಲ್ಲ.

ಬಸ್ ನಿಲ್ದಾಣದ ಪಕ್ಕದ ಸಭೆ. ನಾನು ಕುರ್ಚಿಯಲ್ಲಿ ಗೊಂಬೆಯ ಹಾಗೆ ಕೂತಿದ್ದೆ. ಇವಳು ನನ್ನ ಚೀಟಿಗಳನ್ನು ಒಂದೊಂದಾಗಿ ಓದಿದಳು. ಕೈ ಬೀಸಲಿಲ್ಲ, ಕೂಗಲಿಲ್ಲ, ಪಕ್ಕದ ಮನೆಯವರಿಗೆ ಪತ್ರ ಓದಿ ಹೇಳಿದ ಹಾಗೆ. ಅಷ್ಟು ಜನ ಅಷ್ಟು ಸುಮ್ಮನೆ ಕೂತದ್ದನ್ನು ನಾನು ನೋಡಿರಲಿಲ್ಲ. ಓದಿ ಮುಗಿದ ಚೀಟಿಯನ್ನು ಏನು ಮಾಡುವುದೆಂದು ಗೊತ್ತಾಗದೆ ಮುಂದಿನ ಸಾಲಿನ ಮುದುಕಿಗೆ ಕೊಟ್ಟುಬಿಟ್ಟಳು. ಅಷ್ಟೇ ಸಾಕಾಯಿತು. "ನಂಗೂ ಒಂದು, ಅಣ್ಣನ ಕೈಬರಹ, ನಂಗೂ ಒಂದು" ಅಂತ ನೂಕುನುಗ್ಗಲು. ಭಾವಮೈದ ಕುಣಿದಾಡಿಬಿಟ್ಟ.

ಕಾರಿನಲ್ಲಿ ಬರುವಾಗ ಇವಳು ಹೇಳಿದಳು: "ಅಪ್ಪನಿಗೆ ಕಣ್ಣು ಹೋದ್ಮೇಲೆ ಏಳು ವರ್ಷ ದಿನಾ ಪೇಪರ್ ಓದಿ ಹೇಳ್ತಿದ್ದೆ. ನಿಮಗೆ ಗೊತ್ತಿಲ್ವಾ?" ಮದುವೆಯಾಗಿ ಮೂವತ್ತೆರಡು ವರ್ಷ. ನನಗೆ ಗೊತ್ತಿರಲಿಲ್ಲ.

ಅಕ್ಟೋಬರ್ 11, ಶನಿವಾರ

ಜಗಲಿಯಲ್ಲಿ ಜನವೋ ಜನ. ಬೆಳಿಗ್ಗೆ ಎಂಟರಿಂದ ಒಂದರವರೆಗೆ ಸಾಲು. ಒಬ್ಬೊಬ್ಬರಾಗಿ ಒಳಗೆ ಬಂದು ನನ್ನ ಮುಂದೆ ಕೂತು ಮಾತಾಡುತ್ತಾರೆ, ನಾನು ಕೇಳುತ್ತೇನೆ, ಕೊನೆಗೊಂದು ಚೀಟಿ ಬರೆದು ಕೊಡುತ್ತೇನೆ. ಅವರು ಅದನ್ನು ಎರಡೂ ಕಣ್ಣಿಗೊತ್ತಿಕೊಳ್ಳುವುದೊಂದೇ ಬಾಕಿ. ಕ್ಷೌರದಂಗಡಿಯವನು ತನ್ನದನ್ನು ಕನ್ನಡಿಗೆ ಅಂಟಿಸಿದ್ದಾನಂತೆ. "ನಿಮ್ಮ ಕತ್ತರಿ ಚೂಪಾಗಿರಲಿ" ಅಂತ ಬರೆದಿದ್ದೆ, ಏನು ಮಹಾ!

ಮೊದಲಾದರೆ ಯಾರೇ ಬಾಯಿ ತೆರೆದರೂ ಎರಡನೇ ವಾಕ್ಯಕ್ಕೇ ನಾನು ತಡೆದು "ಆಯ್ತು, ನೋಡೋಣ" ಅನ್ನುತ್ತಿದ್ದೆ. ಆಯ್ತು ನೋಡೋಣ ಅಂದರೆ ಆಗುವುದಿಲ್ಲ, ಎದ್ದು ಹೋಗು ಅಂತ ಅರ್ಥ. ಈಗ ತಡೆಯುವ ದಾರಿ ಇಲ್ಲ. ಮೂರನೇ ವಾಕ್ಯಕ್ಕೆ ಹೋಗುತ್ತಾರೆ, ನಾಲ್ಕನೆಯದಕ್ಕೆ ಹೋಗುತ್ತಾರೆ. ತಲೆ ಚಿಟ್ಟು ಹಿಡಿಯುತ್ತದೆ. ಆದರೆ ಒಂದು ಮಾತು ಹೇಳಬೇಕು, ಜನ ಬಂದ ಕೆಲಸವನ್ನು ಹೇಳುವುದು ಐದನೇ ವಾಕ್ಯದ ಮೇಲೆಯೇ. ಪಂಪಿನ ರಿಪೇರಿ ಅಂತ ಬಂದ ಹೆಂಗಸು ಅಳುತ್ತಾ ಹೋದದ್ದು ಗಂಡನ ಕುಡಿತಕ್ಕೆ.

ಸಂಜೆ ಇವಳು ಪೇಪರ್ ಓದಿ ಹೇಳಿದಳು. ನನಗೇನು ಕಣ್ಣಿಲ್ಲವೇ, ಆದರೂ ಓದಿಸಿಕೊಂಡೆ. ಮೂವತ್ತೆರಡು ವರ್ಷ ಇವಳನ್ನು ಕರೆಯುವುದಿದ್ದರೆ "ಕೇಳಿಸ್ತಾ?" ಅನ್ನುತ್ತಿದ್ದೆ, ಉತ್ತರಕ್ಕೆ ಕಾಯದೆ ಮುಂದಿನ ಮಾತು ಶುರು ಮಾಡುತ್ತಿದ್ದೆ. ಧ್ವನಿ ಬಂದ ದಿನ ಮೊದಲ ಮಾತು ಇವಳಿಗೇ ಆಡಬೇಕು ಅಂದುಕೊಂಡಿದ್ದೇನೆ. ಮುದಿ ವಯಸ್ಸಿಗೆ ನನಗೆ ಈ ಚಪಲ ಬೇರೆ.

ಅಕ್ಟೋಬರ್ 14, ಮಂಗಳವಾರ

ಕೆಟ್ಟೆ. ಕೆಟ್ಟೇ ಹೋದೆ.

ಗೇಟಿನವನು ಬಂದಿದ್ದ. ಹನ್ನೊಂದು ವರ್ಷದ ಹಿಂದೆ ಊರ ಮೇಲೆ ಹೊಳೆಗೆ ಕಟ್ಟಿದ ಕಟ್ಟೆಯ ಗೇಟು ನೋಡಿಕೊಳ್ಳುತ್ತಿದ್ದವನು. ಆ ವರ್ಷ ಹೊಳೆ ಬಂದಾಗ ಅವನು ಗೇಟು ಎತ್ತದೆ ಮಲಗಿಬಿಟ್ಟ. ನೀರು ತುಂಬಿ, ಗೇಟು ಕಿತ್ತು ಬಂದು, ತಗ್ಗಿನ ಬೀದಿಯಲ್ಲಿ ಒಂಬತ್ತು ಜನ ಹೋದರು. ಆ ಮಧ್ಯಾಹ್ನ ಊರಲ್ಲಿ ಕರೆಂಟಿರಲಿಲ್ಲ. ನಾನು ಲಾರಿ ಹತ್ತಿ, ಮೈಕಿಲ್ಲದೆ, ಎರಡು ಗಂಟೆ ಮಾತಾಡಿದೆ. "ಮಲಗಿದವನು ಯಾರು?" ಅಂದರೆ ಐದು ಸಾವಿರ ಜನ "ಗೇಟಿನವನು!" ಅಂದರು. ನನ್ನ ಜೀವನದ ಭಾಷಣ ಅದು. ಮರುವರ್ಷವೇ ವಿಧಾನಸಭೆಗೆ ಹೋದೆ. ಅವನು ಜೈಲಿಗೆ ಹೋದ.

ಇವತ್ತು ಸಾಲಿನಲ್ಲಿ ಬಂದು ಕುರ್ಚಿಯ ತುದಿಯಲ್ಲಿ ಕೂತ. ಕೂದಲೆಲ್ಲ ಹಣ್ಣಾಗಿದೆ. ನಾನು ಗುರುತು ಹಿಡಿಯುವುದರೊಳಗೆ ಮಾತು ಶುರು ಮಾಡಿದ್ದ. ಇವಳು ಪಕ್ಕದ ಸ್ಟೂಲಿನ ಮೇಲೆ ಕೂತು ಪೆನ್ಸಿಲ್ ಹೆರೆಯುತ್ತಿದ್ದಳು.

"ನನಗೇನೂ ಬೇಡ ಸ್ವಾಮಿ. ಒಂದೇ ಒಂದು ಮಾತು ಕೇಳ್ಕೊಂಡು ಹೋಗೋಣ ಅಂತ. ನೀವೀಗ ಕೇಳಿಸ್ಕೊಳ್ತೀರ ಅಂತ ಬೋರ್ಡ್ ಹಾಕಿದಾರಲ್ಲ. ಆವತ್ತು ಹಿಂದಿನ ದಿನ ಫೋನ್ ಬಂತು. 'ನಾಳೆ ಸಂಜೆವರೆಗೆ ಗೇಟು ಮುಟ್ಟಬೇಡ' ಅಂತ ಹೇಳಿದ್ರು. ಅದು ನಿಮ್ಮ ಧ್ವನಿ ಅಂತ ನಾನು ಕೋರ್ಟಲ್ಲೂ ಹೇಳ್ದೆ, ಯಾರೂ ನಂಬಲಿಲ್ಲ. ಈಗ ನನಗೇ ಅನುಮಾನ. ನಾನೇ ನಿದ್ದೆಗಣ್ಣಲ್ಲಿ ಕನಸು ಕಂಡೆನೋ ಏನೋ ಅಂತ."

ನಾನು ತಡೆಯಲಿಲ್ಲ. ತಡೆಯುವುದು ಹೇಗೆ?

"ತಗ್ಗಿನ ಬೀದೀಲಿ ಹೋದ ಒಂಬತ್ತು ಜನದಲ್ಲಿ ನನ್ನ ಹೆಂಡ್ತೀನೂ ಒಬ್ಳು. ಮಗಳು ಪಕ್ಕದ ಊರಲ್ಲಿ ಟೀಚರು. ಅಮ್ಮನ್ನ ಕೊಂದೋನು ಅಂತ ಹನ್ನೊಂದು ವರ್ಷದಿಂದ ನನ್ನ ಜತೆ ಮಾತಾಡಿಲ್ಲ. ಫೋನ್ ಮಾಡಿದ್ದು ನೀವೇನಾ? ಹೌದೋ ಅಲ್ವೋ, ಅಷ್ಟು ಹೇಳಿ ಸಾಕು."

ಬಾಯಿದ್ದಿದ್ದರೆ! ಬಾಯಿದ್ದಿದ್ದರೆ ನೂರು ಮಾತಿತ್ತು. ಬೆನ್ನು ತಟ್ಟಿ, ದೊಡ್ಡದೊಂದು ನಿಟ್ಟುಸಿರು ಬಿಟ್ಟು, ವಿಧಿ ಅಂದು, ಕಣ್ಣಲ್ಲಿ ನೀರು ತಂದು, ಅವನೇ ನನ್ನನ್ನು ಸಮಾಧಾನ ಮಾಡುವ ಹಾಗೆ ಮಾಡಿ ಕಳಿಸುತ್ತಿದ್ದೆ. ಪೆನ್ಸಿಲು ಹಿಡಿದರೆ ಅದ್ಯಾವುದೂ ಬರುವುದಿಲ್ಲ. ಅಂಗೈಯಗಲದ ಚೀಟಿ. ಬೆಳಗಿನಿಂದ ಕೈ ತಾನಾಗಿ ಬರೆಯುತ್ತಲೇ ಇತ್ತು. ಇದನ್ನೂ ಬರೆಯಿತು: "ಹೌದು. ನಾನೇ ಹೇಳಿದ್ದು."

ತೋರಿಸಿ ಹರಿದುಹಾಕುವುದು ಅಂತಿದ್ದೆ, ಆಣೆಗೂ. ಆದರೆ ಸಾಲಿನಲ್ಲಿ ಬಂದವರೆಲ್ಲ ಚೀಟಿ ಮನೆಗೆ ಒಯ್ಯುವುದು ಈಗ ರೂಢಿಯಾಗಿದೆಯಲ್ಲ. ಅವನು ಓದಿದ, ಇನ್ನೊಂದು ಸಲ ಓದಿದ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಕೈಮುಗಿದ. ನಾನು ಕೈ ಚಾಚುವಷ್ಟರಲ್ಲಿ ಭಾವಮೈದ ಮುಂದಿನವರನ್ನು ಒಳಗೆ ಕರೆದಿದ್ದ. ಆ ಮುಂದಿನವರು ಏನು ಹೇಳಿದರೋ ನನ್ನ ತಲೆಗೆ ಹೋಗಲಿಲ್ಲ. ಇವಳು ಪೆನ್ಸಿಲ್ ಹೆರೆಯುತ್ತಲೇ ಇದ್ದಳು, ಅದು ಬೆರಳುದ್ದವಾಗುವವರೆಗೆ.

ಅಕ್ಟೋಬರ್ 15, ಬುಧವಾರ

ಭಾವಮೈದನಿಗೆ ಹೇಳಲೇಬೇಕಾಯಿತು. ಹೇಳುವುದಕ್ಕೆ ಮತ್ತೆ ಚೀಟಿ! ಬರೆದೆ, ತೋರಿಸಿದೆ, ಅವನ ಕಣ್ಣೆದುರೇ ಕಡ್ಡಿ ಗೀರಿ ಸುಟ್ಟೆ.

"ಭಾವಾ, ನಿಮಗೆ ತಲೆ ಕೆಟ್ಟಿದ್ಯಾ? ಇಷ್ಟು ವರ್ಷ ಒಂದಕ್ಷರ ಬರೀದೋರು, ಬರೆಯೋಕೆ ಇದೇ ಸಿಕ್ತಾ?"

ಅವನು ಕಾರು ಹತ್ತಿ ಗೇಟಿನವನ ಮನೆಗೆ ಓಡಿದ. ಬಾಗಿಲಿಗೆ ಬೀಗ. ಬೆಳಗಿನ ಮೊದಲ ಬಸ್ಸಿಗೆ ಮಗಳ ಊರಿಗೆ ಹೋದನಂತೆ, ಇಸ್ತ್ರಿ ಅಂಗಿ ಹಾಕಿಕೊಂಡು.

ಅಕ್ಟೋಬರ್ 16, ಗುರುವಾರ

ಸಿಕ್ಕಿಲ್ಲ. ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಇವಳು ಗಾಯದ ನೋವು ಅಂದುಕೊಂಡು ಗಂಜಿ ಮಾಡಿದಳು.

ಅಕ್ಟೋಬರ್ 19, ಭಾನುವಾರ

ಇವತ್ತು ಸಾಲಿನ ಕೊನೆಗೆ ಒಬ್ಬ ಹೆಣ್ಣುಮಗಳು. ಮೂವತ್ತರ ಆಸುಪಾಸು, ಹೆಗಲಿಗೆ ಬಟ್ಟೆಯ ಚೀಲ, ಬೆರಳಿಗೆ ಕೆಂಪು ಶಾಯಿ.

"ನಾನೇನೂ ಕೇಳೋಕೆ ಬಂದಿಲ್ಲ. ನಮ್ಮ ಸ್ಕೂಲಿನ ಮಕ್ಕಳಿಗೆ ಅಂತ ಒಂದು ಸಾಲು ಬರ್ಕೊಡಿ."

ಅಂಥ ಚೀಟಿಗೆ ನನಗೇನು ಕಷ್ಟ? "ನಾನೇ ಹೇಳುತ್ತೇನೆ, ಚೆನ್ನಾಗಿ ಓದಿ, ಹೌದು ಅನ್ನಿಸಿಕೊಳ್ಳಿ" ಅಂತ ಒಂದು ಅಂದದ ಸಾಲು ಬರೆದು ಕೊಟ್ಟೆ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡಳು. ಚೀಲದಿಂದ ಪ್ಲಾಸ್ಟಿಕ್ಕಿನ ಹಾಳೆಯೊಳಗಿಟ್ಟಿದ್ದ ಇನ್ನೊಂದು ಚೀಟಿ ತೆಗೆದು ಪಕ್ಕದಲ್ಲಿಟ್ಟಳು. ಎರಡರಲ್ಲೂ ಒಂದೇ ರೀತಿ ಹಿಂದಕ್ಕೆ ವಾಲಿದ ಅಕ್ಷರ. ಮಕ್ಕಳ ಪೇಪರ್ ತಿದ್ದುವ ಹಾಗೆ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

ಬೈದಿದ್ದರೆ ಚೆನ್ನಾಗಿತ್ತು. ಉಗಿದಿದ್ದರೂ ಒರೆಸಿಕೊಳ್ಳಬಹುದಿತ್ತು.

"ಹನ್ನೊಂದು ವರ್ಷ" ಅಂದಳು. "ಹನ್ನೊಂದು ವರ್ಷ ನಾನು ನಮ್ಮಪ್ಪನ ಜತೆ ಮಾತಾಡಿಲ್ಲ." ಎದ್ದು ಹೋದಳು. ಕಿಟಕಿಯಿಂದ ನೋಡಿದೆ. ಗೇಟಿನವನು ಎದುರು ಬೀದಿಯ ಮರದ ಕೆಳಗೆ ಕಾಯುತ್ತಿದ್ದ. ಮಗಳು ಹೋಗಿ ಅವನ ಮುಂದೆ ನಿಂತಳು, ಅವನ ಅಂಗಿಯ ಕಾಲರ್ ಸರಿ ಮಾಡಿದಳು. ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು. ಅವನು ಏನೋ ಹೇಳುತ್ತಲೇ ಇದ್ದ, ಕೈ ಆಡಿಸಿ ಆಡಿಸಿ. ಅವನಷ್ಟು ಮಾತುಗಾರ ಅಂತ ನನಗೆ ಗೊತ್ತಿರಲಿಲ್ಲ.

ಅಕ್ಟೋಬರ್ 20, ಸೋಮವಾರ

ಇಲ್ಲಿ ಯಾರೂ ಓದುವುದಿಲ್ಲ, ಹೇಗೂ ಸುಡುವ ಪುಸ್ತಕ. ಮೊನ್ನೆ ಬರೆದದ್ದನ್ನು ಸ್ವಲ್ಪ ತಿದ್ದಬೇಕು. ಗೇಟಿನವನು ಮಲಗಿರಲಿಲ್ಲ.

ನಾನು ಫೋನು ಮಾಡಿದ ಮರುದಿನ ನನ್ನ ಮೊದಲ ದೊಡ್ಡ ರ‍್ಯಾಲಿ. ಪಕ್ಷದ ಅಧ್ಯಕ್ಷರು ಬರುವವರಿದ್ದರು. ಹೊಳೆಪಕ್ಕದ ಮೈದಾನದಲ್ಲಿ ವೇದಿಕೆ ಎದ್ದಿತ್ತು, ಕುರ್ಚಿ ಬಂದಿದ್ದವು. ಗೇಟು ಎತ್ತಿದರೆ ಮೈದಾನದಲ್ಲಿ ಮೊಣಕಾಲುದ್ದ ನೀರು. ಒಂದು ದಿನ ತಡೆದರೆ ಏನು ಪ್ರಳಯವಾಗುತ್ತದೆ ಅಂದುಕೊಂಡೆ. ಅವನು ಫೋನಿನಲ್ಲಿ "ಸಾರ್, ನೀರು ಜಾಸ್ತಿ ಬರ್ತಿದೆ, ಹೆದರಿಕೆ ಆಗ್ತಿದೆ" ಅಂದ. ಎರಡನೇ ವಾಕ್ಯಕ್ಕೇ ತಡೆದೆ.

ಇವಳು ಕಾಫಿ ತಂದಿಟ್ಟು ನಿಂತಳು. ನಾನು ತಲೆ ಎತ್ತಲಿಲ್ಲ.

"ಆಗ ಫೋನು ಹಾಲ್‌ನಲ್ಲಿತ್ತು. ನಾನು ಅಡುಗೆಮನೇಲಿ ರೊಟ್ಟಿ ತಟ್ತಿದ್ದೆ. ನಿಮ್ಮ ಧ್ವನಿ ಬೀದಿಗೇ ಕೇಳ್ಸೋದು, ಅಡುಗೆಮನೆಗೆ ಕೇಳ್ಸಲ್ವಾ? ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ನಾನೂ ಹನ್ನೊಂದು ವರ್ಷ ಸುಮ್ನಿದ್ದೋಳೇ."

ಬಾಯಿದ್ದಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಚೀಟಿಯ ಕಟ್ಟನ್ನು ಪಕ್ಕಕ್ಕೆ ಸರಿಸಿ ಕಾಫಿ ಕುಡಿದೆ.

ಅಕ್ಟೋಬರ್ 22, ಬುಧವಾರ

ಊರ ತುಂಬ ಪೋಸ್ಟರ್. ನನ್ನ ಚೀಟಿ, ಮನೆಯ ಬಾಗಿಲಷ್ಟು ದೊಡ್ಡದು. "ಹೌದು. ನಾನೇ ಹೇಳಿದ್ದು." ಕೆಳಗೆ ಒಂಬತ್ತು ಜನರ ಫೋಟೋ. ಶಿಷ್ಯ ಟೀಚರ್ ಹತ್ತಿರ ಹೋಗಿ ಚೀಟಿಯ ಫೋಟೋ ತೆಗೆಸಿಕೊಂಡನಂತೆ. ಮುದುಕ ಬೇಡ ಬೇಡ ಅಂದನಂತೆ, ಮಗಳೇ ಕೊಟ್ಟಳಂತೆ.

ಜಗಲಿ ಖಾಲಿ. ಎಂಟು ಗಂಟೆಯಿಂದ ಒಂದು ಗಂಟೆಯವರೆಗೆ ಒಬ್ಬನೇ ಕುರ್ಚಿಯಲ್ಲಿ ಕೂತಿದ್ದೆ. ಕ್ಷೌರದಂಗಡಿಯವನು ಕನ್ನಡಿಯಿಂದ ಚೀಟಿ ಕಿತ್ತನಂತೆ. ನನ್ನ ಕೈಬರಹ ಅಲ್ಲ ಅನ್ನೋಣವೆಂದರೆ ಮನೆಮನೆಗೆ ನನ್ನ ಕೈಬರಹವನ್ನು ನಾನೇ ಹಂಚಿದ್ದೇನೆ. ನನ್ನ ಹಳ್ಳ ನಾನೇ ತೋಡಿಕೊಂಡದ್ದಲ್ಲದೆ ಅದರ ಸುತ್ತ ದೀಪವನ್ನೂ ಹಚ್ಚಿಟ್ಟೆ. ಅಧ್ಯಕ್ಷರು ಫೋನು ಎತ್ತುತ್ತಿಲ್ಲ. ಎತ್ತಿದರೂ ನಾನು ಏನು ಮಾಡಬಲ್ಲೆ, ಉಸಿರು ಬಿಡಬಲ್ಲೆ ಅಷ್ಟೇ.

ನಲವತ್ತು ವರ್ಷ. ಸೈಕಲ್ಲಿನಿಂದ ಇಲ್ಲಿಯವರೆಗೆ ನಲವತ್ತು ವರ್ಷ.

ಅಕ್ಟೋಬರ್ 25, ಶನಿವಾರ

ಡಾಕ್ಟರು ಕನ್ನಡಿ ಹಾಕಿ ನೋಡಿದರು. ಗಂಟು ಕೆಟ್ಟದ್ದಲ್ಲ, ಜೀವಕ್ಕೆ ಭಯವಿಲ್ಲ ಅಂದರು. ಇವಳು ಗೋಡೆಗೆ ಒರಗಿ ಕಣ್ಣೊರೆಸಿಕೊಂಡಳು. ಆದರೆ ಊತ ಇಳಿದಿಲ್ಲ, ಮೂವತ್ತನೇ ತಾರೀಖಿನವರೆಗೆ ಬಾಯಿ ಬಿಡಕೂಡದು. ನಾಳೆ ಕೊನೆಯ ಸಭೆ, ಮಂಗಳವಾರ ಮತದಾನ. ನಾಳೆ ನಾನು ಕೂಗಿದರೆ ಧ್ವನಿ ಹೋಯಿತು, ಕೂಗದಿದ್ದರೆ ಎಲ್ಲಾ ಹೋಯಿತು. ಡಾಕ್ಟರ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಅಳುವಾಗಲೂ ಸದ್ದು ಮಾಡಬೇಡಿ ಅಂದರು ಪುಣ್ಯಾತ್ಮರು.

ಸಂಜೆ ಭಾವಮೈದ ಬಂದ. ಮುಖದಲ್ಲಿ ಕಳೆ ಇತ್ತು.

"ಭಾವಾ, ಆ ಚೀಟೀಲಿ ಉತ್ತರ ಇದೆ. ಪ್ರಶ್ನೆ ಎಲ್ಲಿದೆ?"

ನಾನು ಅವನ ಮುಖ ನೋಡಿದೆ.

"ಪ್ರಶ್ನೆ ಏನು ಬೇಕಾದ್ರೂ ಇರಬಹುದಲ್ಲ! ಅವನಿಗೆ ನಾಲ್ಕು ವರ್ಷ ಶಿಕ್ಷೆ, ಮೂರಕ್ಕೇ ಬಿಟ್ರು. 'ನನ್ನನ್ನು ಬೇಗ ಬಿಡ್ಸೋಕೆ ಹೇಳಿದ್ದು ನೀವೇನಾ' ಅಂತ ಅವನು ಕೇಳ್ದ. 'ಹೌದು, ನಾನೇ ಹೇಳಿದ್ದು' ಅಂತ ನೀವು ಬರೆದ್ರಿ. ಒಳಗೆ ಇದ್ದದ್ದು ಅವನು, ನೀವು, ಅಕ್ಕ. ಅಷ್ಟೇ ತಾನೆ?"

ಬರೆದದ್ದಕ್ಕೂ ಒಂದು ದಾರಿಯಿದೆ! ಚೀಟಿ ನಾನೇ ಬರೆದೆ, ಮೂರು ಸಲ ತಿದ್ದಿದೆ. "ತಪ್ಪು ಮಾಡಿದವನ ಮೇಲೂ ನನಗೆ ಕೋಪವಿಲ್ಲ, ಅವನೂ ನಮ್ಮವನೇ" ಅಂತ ಕೊನೆಯ ಸಾಲು ಸೇರಿಸಿದೆ. ಅದು ಚೆನ್ನಾಗಿ ಕೂತಿತು.

ಇವಳಿಗೆ ಕೊಟ್ಟೆ. ಓದಿ, ಕನ್ನಡಕ ತೆಗೆದಳು.

"ಇದನ್ನ ನಾನು ಓದ್ಬೇಕಾ?"

"ಇದೊಂದು ಸಲ" ಅಂತ ಬರೆದೆ.

"ಎಷ್ಟು ಸಲ ಅಂತ ಕೇಳ್ಲಿಲ್ಲ. ನಾನೇ ಓದ್ಬೇಕಾ ಅಂದೆ."

"ಅಕ್ಕಾ, ಇಷ್ಟು ದೂರ ಬಂದು ದಡದಲ್ಲಿ ಮುಳುಗಿಸ್ತೀಯಾ?" ಅಂದ ತಮ್ಮ. ನಾನು ಕೈಮುಗಿದೆ. ಇವಳಿಗೆ ನಾನು ಕೈಮುಗಿದದ್ದು ಇದೇ ಮೊದಲು. ಇವಳು ಆ ಕೈಗಳನ್ನು ಸ್ವಲ್ಪ ಹೊತ್ತು ನೋಡಿ ಚೀಟಿ ತೆಗೆದುಕೊಂಡಳು.

ಅಕ್ಟೋಬರ್ 26, ಭಾನುವಾರ

ಮೈದಾನ ಕಿಕ್ಕಿರಿದಿತ್ತು. ನನ್ನನ್ನು ಬೈಯುವುದಕ್ಕೇ ಬಂದವರು ಅರ್ಧಕ್ಕರ್ಧ. ಹಿಂದಿನ ಸಾಲಿನಲ್ಲಿ ಎಡಗಡೆ ಗೇಟಿನವನು, ಪಕ್ಕದಲ್ಲಿ ಮಗಳು. ಒಂದೇ ಪೊಟ್ಟಣದಿಂದ ಕಡಲೆಕಾಯಿ ಸುಲಿದು ತಿನ್ನುತ್ತಿದ್ದರು.

ಇವಳು ಎದ್ದು ಓದಿದಳು. ಎಂದಿನಂತೆಯೇ, ಪಕ್ಕದ ಮನೆಗೆ ಪತ್ರ ಓದಿದ ಹಾಗೆ. ಇವಳ ಬಾಯಲ್ಲಿ ಅದು ಎಷ್ಟು ನಿಜವಾಗಿ ಕೇಳಿಸಿತೆಂದರೆ, ಅರ್ಧ ನಿಮಿಷ ನಾನೇ ನಂಬಿದೆ. "ಅವನೂ ನಮ್ಮವನೇ" ಅಂದಾಗ ಮೊದಲು ಒಂದು ಮೂಲೆಯಲ್ಲಿ ಚಪ್ಪಾಳೆ, ಆಮೇಲೆ ಮೈದಾನವಿಡೀ. ಜನ ತಿರುಗಿ ಗೇಟಿನವನನ್ನು ನೋಡಿದರು. ಯಾರೋ ಒಬ್ಬ ಹೋಗಿ ಅವನ ಬೆನ್ನು ತಟ್ಟಿದ. ಅವನು ಎದ್ದು ನಿಂತ. ಬಾಯಿ ಆಡುವುದು ಕಾಣಿಸಿತು. ಏನು ಹೇಳಿದನೋ ಕೇಳಿಸಲಿಲ್ಲ, ಮೈಕು ನಮ್ಮ ಹತ್ತಿರ ಇತ್ತು. ಮಗಳು ಅಪ್ಪನ ಮುಖವನ್ನು ನೋಡಿದಳು, ನನ್ನ ಹೆಂಡತಿಯ ಮುಖವನ್ನು ನೋಡಿದಳು, ಮತ್ತೆ ಅಪ್ಪನನ್ನು ನೋಡಿದಳು. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬಳೇ ಹೊರಟಳು. ಅವನು ಕಡಲೆಕಾಯಿ ಪೊಟ್ಟಣ ಹಿಡಿದುಕೊಂಡು ನಿಂತೇ ಇದ್ದ.

ಗೆದ್ದೆವು ಅಂದ ಭಾವಮೈದ. ಕಾರಿನಲ್ಲಿ ಇವಳು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ದಣಿದಿರಬೇಕು.

ಅಕ್ಟೋಬರ್ 28, ಮಂಗಳವಾರ

ಮತ ಹಾಕಿ ಬಂದೆ. ಇವಳು ಬೆಳಿಗ್ಗೆಯೇ ಹಾಕಿ, ಕಾರು ತೆಗೆದುಕೊಂಡು ಎಲ್ಲಿಗೋ ಹೋಗಿದ್ದಳು. ಮಧ್ಯಾಹ್ನ ಡ್ರೈವರನ್ನು ಹಿಡಿದು ನಿಲ್ಲಿಸಿ "ಎಲ್ಲಿಗೆ?" ಅಂತ ಚೀಟಿ ತೋರಿಸಿದೆ.

"ಆ ಟೀಚರಮ್ಮನ ಮನೆಗೆ ಸಾರ್. ಅಮ್ಮ ಒಳಗೆ ಒಂದರ್ಧ ಗಂಟೆ ಇದ್ರು. ಏನು ಮಾತಾಡಿದ್ರೋ ಗೊತ್ತಿಲ್ಲ. ಬರುವಾಗ ಟೀಚರಮ್ಮನೂ ಕಾರು ಹತ್ತಿ, ದಾರೀಲಿ ಗೇಟಿನಜ್ಜನ ಮನೆ ಹತ್ರ ಇಳಿಸಿ ಅಂದ್ರು. ಇಳಿಸ್ದೆ. ಅಜ್ಜ ಬಾಗಿಲು ತೆಗ್ದಿದ್ದೇ ಆಯಮ್ಮ ಕಾಲು ಹಿಡ್ಕೊಂಡು ಅತ್ತುಬಿಟ್ರು."

ಇವಳು ಪ್ರಶ್ನೆ ಏನಿತ್ತು ಅಂತ ಹೇಳಿಬಿಟ್ಟಿದ್ದಾಳೆ. ಪೇಪರಿಗೆ ಹೋದರೆ? ಶಿಷ್ಯನ ಕಿವಿಗೆ ಬಿದ್ದರೆ? ಸಂಜೆ ಐದರವರೆಗೆ ಕಿಟಕಿಯ ಹತ್ತಿರ ಬೆವರುತ್ತಾ ನಿಂತಿದ್ದೆ. ಯಾರೂ ಬರಲಿಲ್ಲ, ಏನೂ ಆಗಲಿಲ್ಲ. ಮತಗಟ್ಟೆ ಮುಚ್ಚಿತು. ಒಂದೇ ಒಂದು ಮನೆಗೆ ಹೇಳಿ ಬಂದಿದ್ದಾಳೆ, ಅಷ್ಟೇ. ಇರಲಿ, ಹೆಂಗರುಳು.

ಅಕ್ಟೋಬರ್ 30, ಗುರುವಾರ

ಗೆದ್ದೆ! ಹಿಂದಿನ ಎರಡು ಸಲಕ್ಕಿಂತ ದೊಡ್ಡ ಗೆಲುವು. ಅಧ್ಯಕ್ಷರೇ ಫೋನು ಮಾಡಿ, ನಾನು ಉತ್ತರಿಸಲಾರೆ ಅಂತ ಮರೆತು ಐದು ನಿಮಿಷ ಮಾತಾಡಿದರು. ನೀರಾವರಿ ಖಾತೆ ನನಗೇ ಅಂತೆ. ಇನ್ನು ಕಟ್ಟೆಗಳೆಲ್ಲ ನನ್ನ ಕೈಕೆಳಗೆ.

ಡಾಕ್ಟರು ನೋಡಿ, "ವಾಸಿಯಾಗಿದೆ. ಮೆಲ್ಲಗೆ ಏನಾದ್ರೂ ಮಾತಾಡಿ ನೋಡೋಣ" ಅಂದರು. ತಲೆ ಅಲ್ಲಾಡಿಸಿ ಎದ್ದು ಬಂದೆ. ಮೊದಲ ಮಾತು ಯಾರಿಗೆ ಅಂತ ಯಾವತ್ತೋ ಗೊತ್ತು ಮಾಡಿ ಆಗಿದೆ. ಹೊರಗೆ ಪಟಾಕಿ, ಹಾರ, ಭುಜದ ಮೇಲೆ ಹೊತ್ತು ಕುಣಿಯುವವರು. "ಅಣ್ಣಾ ಒಂದು ಮಾತು, ಒಂದೇ ಒಂದು ಮಾತು" ಅಂತ ಗೋಗರೆದರು. ನಾನು ಬಾಯಿ ಬಿಡಲಿಲ್ಲ.

ಇವಳು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು. ಬಾಗಿಲಲ್ಲಿ ನಿಂತೆ. ಹೊಸ ಮದುಮಗನ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು.

"ಕೇಳಿಸ್ತಾ?" ಅಂದೆ.

ಬಂತು. ಸ್ವಲ್ಪ ಒರಟು, ಆದರೆ ನನ್ನದೇ. ಈ ಸಲ ಮುಂದಿನ ಮಾತು ಶುರು ಮಾಡಲಿಲ್ಲ, ಉತ್ತರಕ್ಕೆ ಕಾದೆ. ಇವಳು ಕೈಯಲ್ಲಿದ್ದ ಕಾಯಿ ಮುರಿದು ಪಾತ್ರೆಗೆ ಹಾಕಿದಳು. ಕೈ ಒರೆಸಿಕೊಂಡು, ಸೊಂಟದಿಂದ ನನ್ನದೇ ಚೀಟಿಯ ಕಟ್ಟು, ಆ ಬೆರಳುದ್ದದ ಪೆನ್ಸಿಲು ತೆಗೆದು ಬರೆದು ನನ್ನ ಕಡೆ ಚಾಚಿದಳು.

"ಕೇಳಿಸಿತು. ನಿಮ್ಮ ಜತೆ ನನ್ನ ಮಾತು ಆವತ್ತು ಮೈಕಿನಲ್ಲಿ ಮುಗಿಯಿತು."

ನವೆಂಬರ್ 6, ಗುರುವಾರ

ಏಳನೇ ದಿನ. ಇವಳು ಹಾಲಿನವನ ಜತೆ ಮಾತಾಡುತ್ತಾಳೆ, ಡ್ರೈವರಿನ ಜತೆ ಮಾತಾಡುತ್ತಾಳೆ. ನಿನ್ನೆ ಫೋನಿನಲ್ಲಿ ಯಾರ ಜತೆಗೋ ನಕ್ಕಳು, ಟೀಚರ್ ಇರಬೇಕು. ನನಗೆ ಚೀಟಿ. "ಊಟ ಮೇಜಿನ ಮೇಲಿದೆ." "ಅಧ್ಯಕ್ಷರ ಫೋನು ಬಂದಿತ್ತು." "ಮಾತ್ರೆ ಮರೆಯಬೇಡಿ." ಅಕ್ಷರ ದುಂಡಗಿದೆ. ಇವಳ ಕೈಬರಹವನ್ನು ನಾನು ನೋಡಿಯೇ ಇರಲಿಲ್ಲ.

ಭಾವಮೈದನಿಗೆ ಹೇಳಿದೆ, ಎರಡು ದಿನದಲ್ಲಿ ಸರಿ ಹೋಗುತ್ತಾಳೆ ಅಂತ. ಹೋಗದೆ ಎಲ್ಲಿಗೆ ಹೋಗುತ್ತಾಳೆ? ಇವತ್ತು ಪ್ರಮಾಣವಚನ. ಗಟ್ಟಿಯಾಗಿ ಓದಿದೆ, ಧ್ವನಿ ಹಿಂದಿಗಿಂತ ಚೆನ್ನಾಗಿದೆ ಅಂದರು ಎಲ್ಲರೂ. ಮನೆಗೆ ಬಂದು ಸಂಜೆ ನಾನೇ ಇವಳಿಗೆ ಪೇಪರ್ ಓದಿ ಹೇಳಿದೆ, ಮೊದಲ ಪುಟದಿಂದ ಕೊನೆಯವರೆಗೆ. ತಡೆಯಲಿಲ್ಲ. ಮುಗಿದ ಮೇಲೆ ದೀಪ ಹಾಕಿ ಒಳಗೆ ಹೋದಳು.

ಈ ಪುಸ್ತಕವನ್ನು ಒಲೆಗೆ ಹಾಕುತ್ತೇನೆ ಅಂದಿದ್ದೆ. ಒಲೆಯ ಹತ್ತಿರ ಹೋಗಿಯೂ ಇದ್ದೆ, ಆಮೇಲೆ ಹಾಗೇ ವಾಪಸ್ ಬಂದೆ. ಸಭೆಗಳಲ್ಲಿ ಚೀಟಿ ಮುಗಿದಾಗಲೆಲ್ಲ ಇದರ ಹಾಳೆ ಹರಿದು ಹರಿದು ಇನ್ನು ಎರಡೇ ಪುಟ ಉಳಿದಿವೆ. ನಾಳೆ ಡ್ರೈವರಿಗೆ ಹೇಳಿ ಇನ್ನೊಂದು ತರಿಸಬೇಕು. ಇನ್ನೂರು ಪುಟದ್ದೇ ಇರಲಿ.